ಸಂಬಳಕ್ಕಲ್ಲ, ಮಾತಾಡೋಕೆ ಜನ ಬೇಕು ಅಂತ ಕೆಲಸಕ್ಕೆ ಹೋಗಬಹುದಾ?

ಪ್ರಶ್ನೆ: ನಾನು ಶಿವಮೊಗ್ಗದವನು. ಅಂಚೆ ಕಚೇರಿಯಲ್ಲಿದ್ದೆ, ಸರ್ವೀಸಿನ ಹೆಚ್ಚಿನ ಭಾಗ ಕೌಂಟರ್‌ನಲ್ಲೇ ಕಳೆದೆ. ಹೋದ ವರ್ಷ 60 ತುಂಬಿ ನಿವೃತ್ತನಾದೆ. ಪಿಂಚಣಿ ಬರುತ್ತದೆ, ಸ್ವಂತ ಮನೆ ಇದೆ, ಮಕ್ಕಳ ಮದುವೆಯೂ ಆಗಿದೆ. ಹೆಂಡತಿಗೆ ಭಜನಾ ಮಂಡಳಿ, ಗೆಳತಿಯರು ಇದ್ದಾರೆ. ನನಗೆ ಮಾತ್ರ ವಾಕಿಂಗ್, ಪೇಪರ್ ಮುಗಿದ ಮೇಲೆ ಏನೂ ಇಲ್ಲ. ಪರಿಚಯದವರೊಬ್ಬರು ತಮ್ಮ ಮೆಡಿಕಲ್ ಶಾಪ್‌ನಲ್ಲಿ ಬೆಳಿಗ್ಗೆ ಹೊತ್ತು ನಾಲ್ಕು ತಾಸು ಕೂರಿ, ತಿಂಗಳಿಗೆ 8,000 ರೂಪಾಯಿ ಕೊಡುತ್ತೇನೆ ಅಂದಿದ್ದಾರೆ. ಬೆಂಗಳೂರಿನಲ್ಲಿರುವ ಮಗ ಬೇಡ ಅನ್ನುತ್ತಾನೆ. 'ಅಪ್ಪನ್ನ ನೋಡ್ಕೊಳ್ಳೋಕೆ ಆಗಲ್ವಾ ಅಂತ ಜನ ನನ್ನ ಕೇಳ್ತಾರೆ' ಅಂತಾನೆ. ಏನು ಮಾಡಲಿ?

ಉತ್ತರ: ಹೋಗಿ ಸಾರ್. ಹೋಗುವ ಮೊದಲು ಅಂಗಡಿಯವರ ಹತ್ತಿರ ಮಾತಾಡಿಕೊಳ್ಳಬೇಕಾದ್ದು ಸ್ವಲ್ಪ ಇದೆ, ಮನೆಯಲ್ಲೂ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

ನೀವು ಕೌಂಟರ್‌ನಲ್ಲಿ ಕೂತವರು. ಆರ್‌ಡಿ ಕಟ್ಟಲು ಪ್ರತಿ ತಿಂಗಳು ಅದೇ ಏಜೆಂಟರು ಬರುತ್ತಿದ್ದರು, ಮೂರು ತಿಂಗಳಿಗೊಮ್ಮೆ ಸೀನಿಯರ್ ಸಿಟಿಜನ್ ಸ್ಕೀಮಿನ ಬಡ್ಡಿಗೆ ಅದೇ ಹಿರಿಯರು, ನೋಟಿಸುಗಳ ಕಟ್ಟು ಹಿಡಿದು ಅದೇ ವಕೀಲರ ಗುಮಾಸ್ತರು. ಅವರಲ್ಲಿ ಯಾರೂ ನಿಮ್ಮ ಆಪ್ತ ಗೆಳೆಯರಲ್ಲ, ಮನೆಗೆ ಊಟಕ್ಕೆ ಕರೆದವರೂ ಇರಲಿಕ್ಕಿಲ್ಲ, ಆದರೆ ಒಂದು ದಿನ ನೀವು ರಜೆ ಹಾಕಿದರೆ 'ಏನ್ ಸಾರ್, ನಿನ್ನೆ ಕಾಣಲಿಲ್ಲ' ಅಂತ ಕೇಳುವವರು ಅವರೇ. ನಿವೃತ್ತಿಯ ದಿನ ಹಾರ ಹಾಕಿ ಕಳಿಸುತ್ತಾರಲ್ಲ, ಆವತ್ತು ಈ ಜನರೆಲ್ಲ ಒಟ್ಟಿಗೆ ಕೈತಪ್ಪಿ ಹೋಗುತ್ತಾರೆ. ಗ್ರಾಚ್ಯುಟಿ ಎಷ್ಟು ಬಂತು, ಪಿಂಚಣಿಯಲ್ಲಿ ಎಷ್ಟು ಭಾಗ ಮೊದಲೇ ಇಡಿಯಾಗಿ ತಗೊಂಡಿರಿ (ಕಮ್ಯುಟೇಷನ್) ಅಂತ ಎಲ್ಲರೂ ಕೇಳುತ್ತಾರೆ. ನಾಳೆಯಿಂದ ಯಾರ ಜೊತೆ ಮಾತಾಡುತ್ತೀರಿ ಅಂತ ಕೇಳುವವರಿಲ್ಲ. ನನಗೆ ಇದು ನಿಜಕ್ಕೂ ಬೇಸರದ ವಿಷಯ.

ಸುಮ್ನೆ ಬೇಜಾರು, ಸರಿಹೋಗುತ್ತೆ ಅಂತ ತಳ್ಳಿಹಾಕುವ ಹಾಗೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರ ಜೂನ್‌ನಲ್ಲಿ ಕೊಟ್ಟ ವರದಿಯಲ್ಲಿ, ಜಗತ್ತಿನ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ ಎಂದಿದೆ. ಹೃದಯದ ಕಾಯಿಲೆ, ಪಾರ್ಶ್ವವಾಯು, ಸಕ್ಕರೆ ಕಾಯಿಲೆಯ ಅಪಾಯವೂ ಇದರಿಂದ ಹೆಚ್ಚುತ್ತದೆ. ಜಪಾನಿನವರು ಇದನ್ನು ಬಹಳ ಹಿಂದೆಯೇ ಗಮನಿಸಿದ್ದರು. 1970ರ ದಶಕದಲ್ಲಿ ಟೋಕಿಯೋದಲ್ಲಿ ಶುರುವಾದ ಒಂದು ಏರ್ಪಾಡು ಈಗ ದೇಶದ ತುಂಬ ಇದೆ, ಅದಕ್ಕೆ ಸಿಲ್ವರ್ ಕೇಂದ್ರಗಳು ಅನ್ನುತ್ತಾರೆ. 60 ದಾಟಿದವರು ಸದಸ್ಯರಾಗಬಹುದು. ಪಾರ್ಕು ಗುಡಿಸುವುದು, ಗಿಡ ಕತ್ತರಿಸುವುದು, ಸೈಕಲ್ ಸ್ಟ್ಯಾಂಡ್ ನೋಡಿಕೊಳ್ಳುವುದು, ಇಂಥ ಕೆಲಸ. ತಿಂಗಳಿಗೆ ಹೆಚ್ಚುಕಡಿಮೆ 10 ದಿನ, ಇಲ್ಲವೇ ವಾರಕ್ಕೆ 20 ಗಂಟೆ ಅಷ್ಟೇ. ಅದರಲ್ಲಿ ಸಂಸಾರ ನಡೆಸಲು ಆಗುವುದಿಲ್ಲ. ಮನೆಯಿಂದ ಹೊರಗೆ ಬಂದು ನಾಲ್ಕು ಜನರ ಜೊತೆ ಇರಲಿ ಎಂಬುದೂ ಅಲ್ಲಿನ ಉದ್ದೇಶ.

ಹಾಗಾಗಿ ಕೆಲಸ ಆರಿಸುವಾಗ ಸಂಬಳ ಮತ್ತು ಹುದ್ದೆಯ ಹೆಸರು ಎರಡನ್ನೂ ಬದಿಗಿಡಿ. ಅದೇ ಜನ ಮತ್ತೆ ಮತ್ತೆ ಬರುತ್ತಾರಾ? ನೀವು ಹೋಗದಿದ್ದರೆ ಯಾರಿಗಾದರೂ ಗೊತ್ತಾಗುತ್ತದಾ? ಇಷ್ಟು ನೋಡಿ. ಮೆಡಿಕಲ್ ಶಾಪ್ ಇದಕ್ಕೆ ಹೇಳಿ ಮಾಡಿಸಿದ ಜಾಗ. ಬಿಪಿ, ಶುಗರ್ ಇರುವವರು ಪ್ರತಿ ತಿಂಗಳು ಅದೇ ಮಾತ್ರೆಗೆ ಬಂದೇ ಬರುತ್ತಾರೆ. ರಾತ್ರಿ ಪಾಳಿಯ ವಾಚ್‌ಮನ್ ಕೆಲಸಕ್ಕೆ ಸಂಬಳ ಜಾಸ್ತಿ ಸಿಗಬಹುದು, ಆದರೆ ಅಲ್ಲಿ ಮಾತಾಡುವುದು ಯಾರ ಜೊತೆ? ಪಿಗ್ಮಿ ಕಲೆಕ್ಷನ್ ಅಂದರೆ ನನಗೆ ಪ್ರೀತಿ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ಶುರುಮಾಡಿದ್ದು, ದಿನಾ ಅದೇ ಅಂಗಡಿ, ಅದೇ ಮುಖ. ಆದರೆ ಅಷ್ಟು ನಗದು ಚೀಲದಲ್ಲಿಟ್ಟುಕೊಂಡು ಬಿಸಿಲಲ್ಲಿ ಓಡಾಡುವುದು ಈ ವಯಸ್ಸಿಗೆ ಬೇಡ ಅನ್ನುತ್ತೇನೆ. ಪರಿಚಯದವರಿಗೇ ಪಾಲಿಸಿ, ಪೌಡರ್ ಮಾರುವ ಕೆಲಸವಂತೂ ಬೇಡವೇ ಬೇಡ. ಇರುವ ಗೆಳೆಯರೂ ನಿಮ್ಮನ್ನು ಕಂಡರೆ ರಸ್ತೆ ದಾಟುವ ಹಾಗಾಗುತ್ತದೆ.

ಇನ್ನು ಅಂಗಡಿಯ ವಿಷಯ. ಬಿಲ್ಲಿಂಗ್, ಸ್ಟಾಕ್, ಫೋನ್ ನೋಡಿಕೊಳ್ಳಿ, ಮಾತ್ರೆ ಕೊಡಲು ಹೋಗಬೇಡಿ. ಡಾಕ್ಟರ್ ಚೀಟಿ ನೋಡಿ ಔಷಧಿ ಕೊಡುವುದು ನೋಂದಾಯಿತ ಫಾರ್ಮಸಿಸ್ಟ್ ಕೆಲಸ, 1948ರ ಫಾರ್ಮಸಿ ಕಾಯ್ದೆಯೇ ಹಾಗೆ ಹೇಳುತ್ತದೆ. ನೀವು ಹಿರಿಯರು ಅಂತ ಜನ ನಂಬಿಕೆಯಿಂದ 'ಇದನ್ನ ಊಟಕ್ಕೆ ಮೊದಲು ತಗೋಬೇಕಾ, ಆಮೇಲಾ' ಅಂತ ನಿಮ್ಮನ್ನೇ ಕೇಳುತ್ತಾರೆ, ಗೊತ್ತಿದ್ದರೂ ಫಾರ್ಮಸಿಸ್ಟ್ ಕಡೆ ಕೈ ತೋರಿಸಿ. ಸಂಜೆ ಲೆಕ್ಕದಲ್ಲಿ ದುಡ್ಡು ಕಮ್ಮಿ ಬಂದರೆ ಯಾರ ಜವಾಬ್ದಾರಿ, ಅದನ್ನು ಮೊದಲೇ ಕೇಳಿ. ಕ್ಯಾಷ್ ಟ್ಯಾಲಿ ಆಗದ ದಿನದ ಸಂಕಟ ನಿಮಗೆ ನಾನು ಹೇಳಬೇಕಾ? ಕೂರಲು ಒಳ್ಳೆಯ ಕುರ್ಚಿ ಇರಲಿ, ವಾರಕ್ಕೊಂದು ರಜೆ ಇರಲಿ.

ಸಂಬಳ ಬೇಡ, ಸುಮ್ನೆ ಬರ್ತೀನಿ ಅನ್ನಬೇಡಿ. ದುಡ್ಡು ತಗೊಂಡರೆ ಸಮಯಕ್ಕೆ ಹೋಗುವ ಜವಾಬ್ದಾರಿ ನಿಮಗಿರುತ್ತದೆ, ಸಮಯಕ್ಕೆ ಬಿಡುವ ಜವಾಬ್ದಾರಿ ಅವರಿಗಿರುತ್ತದೆ. ಪುಕ್ಕಟೆ ಆದರೆ ಮಧ್ಯಾಹ್ನವೂ ಇರಿ, ಭಾನುವಾರವೂ ಬನ್ನಿ ಅಂತ ಶುರುವಾಗುತ್ತದೆ. ನಿಮ್ಮ ಪಿಂಚಣಿಗೆ ಇದರಿಂದ ಏನೂ ಆಗುವುದಿಲ್ಲ. ಕೇಂದ್ರ ಸರ್ಕಾರದಲ್ಲಿ ನಿವೃತ್ತಿಯಾದ ಒಂದು ವರ್ಷದೊಳಗೆ ಖಾಸಗಿ ಕೆಲಸಕ್ಕೆ ಸೇರಲು ಅನುಮತಿ ಕೇಳಬೇಕಾದವರು ಗ್ರೂಪ್ ಎ, ಅಂದರೆ ಮೇಲ್ದರ್ಜೆಯ ಅಧಿಕಾರಿಗಳು. ಆದಾಯ ತೆರಿಗೆಯಲ್ಲಿ ಪಿಂಚಣಿ, ಬಡ್ಡಿ, ಈ ಸಂಬಳ ಮೂರನ್ನೂ ಸೇರಿಸಿ ತೋರಿಸಿ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಬೀಳುವುದಿಲ್ಲ.

ಮಗನ ಹತ್ತಿರ ದುಡ್ಡಿನ ವಾದಕ್ಕೆ ಇಳಿಯಬೇಡಿ. ನಿಮ್ಮ ಒಂದು ದಿನ ಹೇಗೆ ಕಳೆಯುತ್ತದೆ ಅಂತ ಗಂಟೆ ಗಂಟೆಗೂ ಬಿಡಿಸಿ ಹೇಳಿ. ಅವನಿಗೆ ಅದು ಗೊತ್ತಿರಲಿಕ್ಕಿಲ್ಲ. ಫೋನಿನಲ್ಲಿ 'ಆರಾಮಪ್ಪಾ' ಅಂದುಬಿಡುತ್ತೀರಿ, ಅವನೂ ನಂಬುತ್ತಾನೆ. ಜನ ಕೇಳುವ ಪ್ರಶ್ನೆಗೆ ಅವನೊಂದು ಉತ್ತರ ಕೊಟ್ಟರೆ ಅಲ್ಲಿಗೆ ಮುಗಿಯುತ್ತದೆ, ನಿಮ್ಮ ಖಾಲಿ ಬೆಳಗು ದಿನಾ ಬರುತ್ತದೆ. ಮನೆಯವರನ್ನೂ ಕೇಳಿದಿರಾ? ಪತ್ರದಲ್ಲಿ ಅದಿಲ್ಲ. ನೀವು ಎರಡು ಗಂಟೆಗೆ ಊಟಕ್ಕೆ ಬಂದರೆ ಅವರ ಭಜನೆಯ ಹೊತ್ತು ಏರುಪೇರಾಗಬಾರದು ಅಲ್ವಾ? ಮೂರು ತಿಂಗಳು ನೋಡೋಣ ಅಂತ ಹೇಳಿ ಸೇರಿಕೊಳ್ಳಿ.

ಪ್ರಶ್ನೆ: ನಮ್ಮ ಅತ್ತೆಗೆ 63 ವರ್ಷ. ಹಾಸನ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ಮಾವ ತೀರಿಕೊಂಡ ಮೇಲೆ ಬೆಂಗಳೂರಿಗೆ ನಮ್ಮ ಜೊತೆ ಬಂದಿದ್ದಾರೆ. ಎರಡು ಸ್ಟಾಪ್ ಆಚೆ ಇರುವ ಕ್ಲಿನಿಕ್ಕಿನಲ್ಲಿ ವಾರಕ್ಕೆ ಮೂರು ಸಂಜೆ ಕೆಲಸವಿದೆ, ಹೋಗುತ್ತೇನೆ ಅನ್ನುತ್ತಿದ್ದಾರೆ. ಅವರಿಗೆ ಮಂಡಿ ನೋವು. ಮಗಳು ಸ್ಕೂಲಿಂದ ಬರುವ ಹೊತ್ತೂ ಅದೇ. ಹೇಗೆ ಬೇಡ ಅನ್ನಲಿ?

ಉತ್ತರ: ಬೇಡ ಅನ್ನಬೇಡಮ್ಮ. ನಿಮ್ಮ ಪ್ರಶ್ನೆಯಲ್ಲಿ ಮಂಡಿ ಬೇರೆ, ಮಗು ಬೇರೆ. ಎರಡನ್ನೂ ಒಂದೇ ಮಾಡಿದರೆ ಅತ್ತೆಗೆ ಬೇಸರವಾಗುತ್ತದೆ.

ಮಂಡಿಗೆ ದಾರಿ ಇದೆ. ಕೂತು ಮಾಡುವ ಕೆಲಸವಾ ಅಂತ ವಿಚಾರಿಸಿ: ಹೆಸರು ಬರೆದುಕೊಳ್ಳುವುದು, ಬಿಪಿ ನೋಡುವುದು. ಇಂಜೆಕ್ಷನ್ ಕೊಡುವುದಿದ್ದರೆ ಅವರ ನರ್ಸಿಂಗ್ ಕೌನ್ಸಿಲ್ ನೋಂದಣಿ ಚಾಲ್ತಿಯಲ್ಲಿದೆಯಾ ನೋಡಿಕೊಳ್ಳಿ. ನಡೆಯುವುದು ಕಷ್ಟವಾದರೆ ಬಸ್ಸಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ, ರಾಜ್ಯದ ವಿಳಾಸ ಇರುವ ಗುರುತಿನ ಚೀಟಿ ಸಾಕು.

ಮಗುವಿನ ವಿಷಯವನ್ನು ಗಂಡನ ಜೊತೆ ಕೂತು ಬಗೆಹರಿಸಿ. ವಾರದಲ್ಲಿ ಮೂರು ಸಂಜೆಗೆ ಬೇರೆ ಏರ್ಪಾಡು ಮಾಡುವುದು ನಿಮ್ಮಿಬ್ಬರ ಕೆಲಸ. ಕಷ್ಟವಿದೆ, ಗೊತ್ತು, ಇಬ್ಬರೂ ದುಡಿಯುವ ಮನೆ ಅನ್ನಿಸುತ್ತದೆ. ಆದರೆ ಅತ್ತೆ ಗಂಡನನ್ನೂ ಕಳಕೊಂಡು, ಊರನ್ನೂ ಬಿಟ್ಟು ಬಂದಿದ್ದಾರೆ. ಅಲ್ಲಿ ಪೇಟೆಗೆ ಹೋದರೆ 'ಸಿಸ್ಟರ್' ಅಂತ ಹತ್ತು ಜನ ಮಾತಾಡಿಸುತ್ತಿದ್ದರು. ಇಲ್ಲಿ ಅವರು ಬರೀ ನಿಮ್ಮ ಮಗಳ ಅಜ್ಜಿ. ಮೊಮ್ಮಗಳ ಮೇಲೆ ಪ್ರೀತಿ ಇಲ್ಲದೆ ಅವರು ಹೊರಗೆ ಹೋಗುತ್ತೇನೆ ಅನ್ನುತ್ತಿಲ್ಲ.

ಪ್ರಶ್ನೆ: ಮನೆಯಲ್ಲೇ ಕೂತು ಮಾಡುವ ಪಾರ್ಟ್ ಟೈಮ್ ಕೆಲಸ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂತು. ಹೋಟೆಲ್‌ಗಳಿಗೆ ರೇಟಿಂಗ್ ಕೊಡಬೇಕಂತೆ. ಮೊದಲು 5,000 ಕಟ್ಟಿ ಅನ್ನುತ್ತಿದ್ದಾರೆ. ನಿವೃತ್ತ ಶಿಕ್ಷಕ ನಾನು, ಹುಬ್ಬಳ್ಳಿ.

ಉತ್ತರ: ಕಟ್ಟಬೇಡಿ ಗುರುಗಳೇ. ಕೆಲಸ ಕೊಡುವವರು ದುಡ್ಡು ಕೊಡುತ್ತಾರೆ, ಕೇಳುವುದಿಲ್ಲ. ಈ ಮೋಸದಲ್ಲಿ ಮೊದಲು ನಿಮ್ಮ ಖಾತೆಗೆ ನೂರಿನ್ನೂರು ಹಾಕಿ ನಂಬಿಸುತ್ತಾರೆ, ಆಮೇಲೆ ದೊಡ್ಡ ಮೊತ್ತ ಕಟ್ಟಿಸಿಕೊಂಡು ಮಾಯವಾಗುತ್ತಾರೆ. ಈಗಾಗಲೇ ಏನಾದರೂ ಕಟ್ಟಿದ್ದರೆ ಇವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡಮಾಡಿದಷ್ಟೂ ದುಡ್ಡು ವಾಪಸ್ ಬರುವುದು ಕಷ್ಟ.

ನಿಜವಾದ ಕೆಲಸ ಬೇಕಿದ್ದರೆ, ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ 2021ರಲ್ಲಿ 60 ದಾಟಿದವರಿಗಾಗಿಯೇ ಸೇಕ್ರೆಡ್ ಎಂಬ ಪೋರ್ಟಲ್ ತೆರೆದಿದೆ. ಹಿರಿಯರ ಸಹಾಯವಾಣಿ 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ, ಕರೆ ಉಚಿತ. ಆದರೆ ನನ್ನ ಕೇಳಿದರೆ ಮೊದಲು ನಿಮ್ಮ ಓಣಿಯಲ್ಲೇ ವಿಚಾರಿಸಿ. ಟ್ಯೂಷನ್ ನಡೆಸುವವರು, ಪುಸ್ತಕದ ಅಂಗಡಿಯವರು, ಸಹಕಾರ ಸಂಘದವರು, ಊರ ತುಂಬ ಇರುವ ನಿಮ್ಮ ಹಳೇ ವಿದ್ಯಾರ್ಥಿಗಳು. 'ದಿನಕ್ಕೆ ಮೂರು ತಾಸು ಖಾಲಿ ಇದ್ದೇನಪಾ' ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ, ಮೇಷ್ಟ್ರು ಆರಾಮಾಗಿದ್ದಾರೆ ಅಂತ ಅಂದುಕೊಂಡು ಅವರೂ ಸುಮ್ಮನಿರುತ್ತಾರೆ.