ಪ್ಯಾಟ್ಸಿ ಕ್ಲೈನ್ ಮತ್ತು ಜ್ಯಾಕ್ ಆಂಗ್ಲಿನ್: ಎರಡು ಬೇರೆ ಅಪಘಾತಗಳು

ಮಾನ್ಯರೇ, ಅಮೆರಿಕದ ಕಂಟ್ರಿ ಸಂಗೀತದ ಗಾಯಕಿ ಪ್ಯಾಟ್ಸಿ ಕ್ಲೈನ್ ಮಡಿದ ವಿಮಾನದಲ್ಲಿ ಗಾಯಕ ಜ್ಯಾಕ್ ಆಂಗ್ಲಿನ್ ಅವರೂ ಇದ್ದರೇ ಎಂದು ತಾವು ಕೇಳಿದ್ದೀರಿ. ಇರಲಿಲ್ಲ. ಎರಡು ಸಾವುಗಳ ನಡುವೆ ಎರಡೇ ದಿನಗಳ ಅಂತರವಿರುವುದರಿಂದ ಈ ಗೊಂದಲ ಸಹಜವಾದುದು.

ಕಾರು ಅಪಘಾತದಲ್ಲಿ ತೀರಿಕೊಂಡಿದ್ದ ರೇಡಿಯೊ ನಿರೂಪಕ ಕ್ಯಾಕ್ಟಸ್ ಜ್ಯಾಕ್ ಕಾಲ್ ಅವರ ಕುಟುಂಬದ ನೆರವಿಗಾಗಿ 1963ರ ಮಾರ್ಚ್ 3ರಂದು ಕಾನ್ಸಾಸ್ ಸಿಟಿಯಲ್ಲಿ ಹಾಡಿದ ಪ್ಯಾಟ್ಸಿ, ದಟ್ಟ ಮಂಜಿನಿಂದಾಗಿ ಮರುದಿನ ಹೊರಡಲಾಗದೆ, 5ರಂದು ಪೈಪರ್ ಕಂಪನಿಯ ಪುಟ್ಟ ವಿಮಾನದಲ್ಲಿ ನ್ಯಾಶ್‌ವಿಲ್‌ನತ್ತ ಹೊರಟರು. ತಮ್ಮೊಂದಿಗೆ ಕಾರಿನಲ್ಲಿ ಬರುವಂತೆ ಗಾಯಕಿ ಡಾಟಿ ವೆಸ್ಟ್ ಕರೆದಿದ್ದರೆಂಬುದನ್ನು ನೆನೆದಾಗಲೆಲ್ಲ ಮನಸ್ಸಿಗೆ ನೋವಾಗುತ್ತದೆ. ವಿಮಾನ ನಡೆಸುತ್ತಿದ್ದವರು ಪ್ಯಾಟ್ಸಿಯವರ ವ್ಯವಸ್ಥಾಪಕ ರ‍್ಯಾಂಡಿ ಹ್ಯೂಸ್. ಹೊರಗೇನೂ ಕಾಣದಿರುವಾಗ ಉಪಕರಣಗಳನ್ನಷ್ಟೇ ನಂಬಿ ಹಾರಿಸುವ ಅರ್ಹತೆ ಅವರಿಗಿರಲಿಲ್ಲ. ಡೈಯರ್ಸ್‌ಬರ್ಗ್‌ನಲ್ಲಿ ಇಂಧನ ತುಂಬಿಸಿಕೊಂಡು ಸಂಜೆ ಮತ್ತೆ ಮೇಲೇರಿದ ವಿಮಾನ, ಕೆಟ್ಟ ಹವೆಗೆ ಸಿಲುಕಿ, ಟೆನೆಸ್ಸಿಯ ಕ್ಯಾಮ್ಡೆನ್ ಬಳಿಯ ಕಾಡಿಗೆ ಅಪ್ಪಳಿಸಿತು. ಪ್ಯಾಟ್ಸಿಯವರಿಗೆ ಆಗ ಕೇವಲ 30 ವರ್ಷ. ಹ್ಯೂಸ್ ಅವರ ಮಾವನೂ ಆಗಿದ್ದ ಗಾಯಕ ಕೌಬಾಯ್ ಕೋಪಾಸ್ ಮತ್ತು ಗಾಯಕ ಹಾಕ್‌ಶಾ ಹಾಕಿನ್ಸ್ ಕೂಡ ಪ್ಯಾಟ್ಸಿ ಮತ್ತು ಹ್ಯೂಸ್ ಅವರೊಡನೆಯೇ ಮಡಿದರು; ನಾಲ್ವರಲ್ಲಿ ಒಬ್ಬರೂ ಉಳಿಯಲಿಲ್ಲ.

ಜಾನಿ ಮತ್ತು ಜ್ಯಾಕ್ ಎಂಬ ಹೆಸರಾಂತ ಜೋಡಿಯಲ್ಲೊಬ್ಬರಾಗಿದ್ದ ಆಂಗ್ಲಿನ್, ಮಾರ್ಚ್ 7ರಂದು, ಪ್ಯಾಟ್ಸಿಯವರ ಸ್ಮರಣೆಯ ಪ್ರಾರ್ಥನೆಗೆ ಹೊರಟಿದ್ದಾಗ ನ್ಯಾಶ್‌ವಿಲ್ ಸಮೀಪ ಕಾರು ಅಪಘಾತದಲ್ಲಿ ಅಸುನೀಗಿದರು.

ಪ್ಯಾಟ್ಸಿಯವರ ಕೀರ್ತಿಯ ನೆರಳಿನಲ್ಲಿ ಮಡಿದ ಇತರರ ಕುಟುಂಬಗಳ ದುಃಖ ಮರೆಯಾಗಬಾರದೆಂದು ಇನ್ನೊಂದು ಮಾತು ಸೇರಿಸುತ್ತೇನೆ. ಹಾಕಿನ್ಸ್ ಅವರ ಪತ್ನಿ, ಸ್ವತಃ ಹೆಸರಾಂತ ಗಾಯಕಿ ಜೀನ್ ಶೆಪರ್ಡ್, ಆಗ ತುಂಬು ಗರ್ಭಿಣಿ; ಸುಮಾರು ಒಂದು ತಿಂಗಳ ಬಳಿಕ ಹುಟ್ಟಿದ ಮಗನಿಗೆ ಅವರು ತಂದೆಯ ಹೆಸರನ್ನೇ ಇಟ್ಟರು.