ಗತ್ತು ಹೋಯಿತು, ಕೆಲಸ ಬೆಳೆಯಿತು

ಅಂಕೋಲಾ ತಾಲ್ಲೂಕಿನ ಓದುಗರೊಬ್ಬರ ಪತ್ರ: ‘ನಮ್ಮ ಕಾಲದಲ್ಲಿ ಹೆಡ್ಮಾಸ್ತರರು ವರಾಂಡಕ್ಕೆ ಬಂದರೆ ಇಡೀ ಹೈಸ್ಕೂಲು ತಣ್ಣಗಾಗುತ್ತಿತ್ತು. ಈಗ ಮಗಳ ಶಾಲೆಗೆ ಹೋದರೆ ಮುಖ್ಯ ಶಿಕ್ಷಕರು ಕಂಪ್ಯೂಟರ್ ಮುಂದೆ, ಇಲ್ಲವೇ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಮೀಟಿಂಗಿನಲ್ಲಿ. ಸುಧಾರಣೆ ಅಂದರೆ ಇದೇನಾ?’

ನಿಮ್ಮ ಬೇಸರ ನ್ಯಾಯವಾದದ್ದೇ. ಆದರೆ ಆ ಗತ್ತು ಸುಮ್ನೆ ಹೋಗಲಿಲ್ಲ. ಆಗ ಗೇಟಿನೊಳಗೆ ಹೆಡ್ಮಾಸ್ತರರ ಮಾತಿಗೆ ಎದುರಿರಲಿಲ್ಲ. 2001ರಲ್ಲಿ ಸರ್ಕಾರಿ ಶಾಲೆಗಳಿಗೆ ಎಸ್‌ಡಿಎಂಸಿ, ಅಂದರೆ ಪಾಲಕರೂ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಬಂತು, ಪಾಲಕರಿಗೂ ಕೇಳುವ ಹಕ್ಕು ಸಿಕ್ಕಿತು. ಇದು ಒಳ್ಳೆಯದೇ ಆಯಿತು. ಆಮೇಲೆ ಬಿಸಿಯೂಟದ ಲೆಕ್ಕ ಸೇರಿತು, ಸ್ಯಾಟ್ಸ್ ಎಂಬ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ ಪ್ರತಿ ಮಗುವಿನ ಮಾಹಿತಿ ತುಂಬುವ ಕೆಲಸ ಸೇರಿತು. ಗುಮಾಸ್ತರ ಹುದ್ದೆ ಖಾಲಿ ಇರುವಲ್ಲಿ ಇದೆಲ್ಲ ಮುಖ್ಯ ಶಿಕ್ಷಕರ ತಲೆಗೇ ಬರುತ್ತದೆ. ಅವರನ್ನು ಕಂಪ್ಯೂಟರ್ ಮುಂದೆ ಕೂರಿಸಿದ್ದು ಇದು.

2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ನಕಲು ತಡೆಯಲು ಕ್ಯಾಮೆರಾದ ನೇರ ನಿಗಾ, ಬಂತು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ, ಕೃಪಾಂಕ ಹೆಚ್ಚಿಸಿದ ಮೇಲೂ, ಶೇ 73.40ಕ್ಕೆ ಇಳಿಯಿತು. ನಕಲು ನಿಲ್ಲಲೇಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ‘ಫಲಿತಾಂಶ ಯಾಕೆ ಇಳಿಯಿತು’ ಎಂಬ ಪ್ರಶ್ನೆ ಮೊದಲು ಬೀಳುವುದು ಮುಖ್ಯ ಶಿಕ್ಷಕರ ಮೇಲೆ. ಕೆಲವರು ಆ ಒತ್ತಡವನ್ನು ಹಾಗೇ ಕೆಳಗೆ ದಾಟಿಸುತ್ತಾರೆ. ಶಿಕ್ಷಕರಿಗೆ ನೋಟಿಸ್, ಮಕ್ಕಳಿಗೆ ಗದರಿಕೆ. ಇನ್ನು ಕೆಲವರು ಹಿಂದುಳಿದ ಮಕ್ಕಳನ್ನು ಶಿಕ್ಷಕರಿಗೆ ದತ್ತು ಹಂಚಿ, ತಾವೂ ನಾಲ್ಕು ಮಕ್ಕಳನ್ನು ತೆಗೆದುಕೊಳ್ಳುತ್ತಾರೆ. ನನಗೆ ಇವರೇ ನಿಜವಾದ ಮುಖ್ಯಸ್ಥರು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇಂಥವರು ಇನ್ನೂ ಜಾಸ್ತಿ ಬೇಕು. ಜೋಯಿಡಾ, ಸಿದ್ದಾಪುರದ ಕಡೆ ಸಂಜೆಯ ಬಸ್ಸು ತಪ್ಪಿದರೆ ಮಗು ಕಾಡುದಾರಿಯಲ್ಲಿ ನಡೆದೇ ಮನೆ ಸೇರಬೇಕು. ವಿಶೇಷ ತರಗತಿ ಬೆಳಿಗ್ಗೆಯೋ ಸಂಜೆಯೋ? ಅದು ಸುತ್ತೋಲೆ ನೋಡಿ ತೀರ್ಮಾನಿಸುವ ಮಾತಲ್ಲ. ಪಾಲಕರನ್ನು, ಶಿಕ್ಷಕರನ್ನು, ಬಸ್ಸಿನ ಕಂಡಕ್ಟರನ್ನೂ ಕೇಳಬೇಕು. ವರಾಂಡದಲ್ಲಿ ನಿಂತು ಕಣ್ಣು ಬಿಟ್ಟರೆ ಇದು ಆಗುವುದಿಲ್ಲ, ಅಲ್ವಾ?

ಹಾಗಂತ ಇಲಾಖೆಯನ್ನು ಬಿಟ್ಟುಬಿಡಬೇಕಿಲ್ಲ. ಒಂದೇ ಮಾಹಿತಿಯನ್ನು ಮತ್ತೆ ಮತ್ತೆ ಕೇಳುವುದು ನಿಲ್ಲಲಿ. ಗುಮಾಸ್ತರನ್ನು ಕೊಡಲಿ. ಮುಖ್ಯ ಶಿಕ್ಷಕರು ದಿನಕ್ಕೆ ಒಂದು ಪಿರಿಯಡ್ ಆದರೂ ಪಾಠ ಮಾಡುವಂತಾಗಲಿ. ನೀವು ಮುಂದಿನ ಪಾಲಕರ ಸಭೆಗೆ ತಪ್ಪದೆ ಹೋಗಿ. ಈ ವರ್ಷ ಅವರು ಯಾವ ತರಗತಿಗೆ ಯಾವ ವಿಷಯ ಹೇಳಿಕೊಡುತ್ತಿದ್ದಾರೆ ಎಂದು ಕೇಳಿ. ಸಮಯವೇ ಸಿಗುತ್ತಿಲ್ಲ ಎಂದರೆ, ಅದನ್ನು ಸಭೆಯ ನಡಾವಳಿಯಲ್ಲಿ ಬರೆಸಿ ಬಿಇಒ ಅವರಿಗೆ ಕಳಿಸಿ.

— ಸಂಪಾದಕ