ಎಂಆರ್‌ಐ ಚಿತ್ರ ಚೆನ್ನಾಗಿ ಬರುವುದು ಯಾರ ಕೈಯಲ್ಲಿದೆ?

ಪ್ರಶ್ನೆ: ನಮ್ಮ ಅಪ್ಪಯ್ಯ ಅಡಿಕೆ ಕೊನೆ ತೆಗೆಯುವಾಗ ಮರದಿಂದ ಬಿದ್ದರು. ಸೊಂಟದ ಎಂಆರ್‌ಐ ಮಾಡಿಸಿದೆವು. ಆಮೇಲೆ ಬೇರೆ ಊರಿನ ಡಾಕ್ಟರು ‘ಚಿತ್ರ ಸ್ಪಷ್ಟ ಇಲ್ಲ, ಇನ್ನೊಮ್ಮೆ ಮಾಡಿಸಿ’ ಅಂದರು. ಎರಡೂ ಕಡೆ 1.5 ಟೆಸ್ಲಾ ಮಿಷನ್ನೇ. ಮತ್ತೆ ವ್ಯತ್ಯಾಸ ಯಾಕೆ? ಸುಮ್ನೆ ದುಡ್ಡಿಗೆ ಹೇಳಿದ್ದಾ?
– ತೀರ್ಥಹಳ್ಳಿ ಕಡೆಯ ಓದುಗರು

ಉತ್ತರ: ದುಡ್ಡಿಗೆ ಅಂತ ಅಂದುಕೊಳ್ಳಬೇಡಿ. ಟೆಸ್ಲಾ ಅಂದರೆ ಮಿಷನ್ನಿನ ಮ್ಯಾಗ್ನೆಟ್ ಎಷ್ಟು ಬಲದ್ದು ಅನ್ನುವ ಅಳತೆ. ಮಿಷನ್ ಒಂದೇ ಥರದ್ದಾದರೂ ಚಿತ್ರ ಒಂದೇ ಥರ ಬರುವುದಿಲ್ಲ. ಟೆಕ್ನಿಷಿಯನ್ ಏನು ಮಾಡಿದರು, ಅವರಿಗೆ ಎಷ್ಟು ಸಮಯ ಸಿಕ್ಕಿತು, ಚೀಟಿಯಲ್ಲಿ ಏನು ಬರೆದಿತ್ತು ಎನ್ನುವುದರ ಮೇಲೆ ಎಲ್ಲ ನಿಂತಿದೆ.

ಮರದಿಂದ ಬಿದ್ದವರ ವಿಷಯದಲ್ಲಿ ಮೊದಲು ತಿಳಿಯಬೇಕಾದದ್ದು, ಬೆನ್ನುಮೂಳೆ ಕುಸಿದಿದ್ದರೆ ಅದು ಈಗಿನದ್ದೋ ಹಳೆಯದ್ದೋ ಅಂತ. ವಯಸ್ಸಾದವರ ಬೆನ್ನಲ್ಲಿ ಹಳೆಯ ಕುಸಿತ ಇರುವುದು ಅಪರೂಪವಲ್ಲ. ಇದನ್ನು ಹೇಳುವುದು ‘ಸ್ಟರ್’ ಎಂಬ ಒಂದು ಸೀಕ್ವೆನ್ಸ್, ಅಂದರೆ ಚಿತ್ರ ತೆಗೆಯುವ ಒಂದು ಬಗೆ. ಅದರಲ್ಲಿ ಕೊಬ್ಬಿನ ಸಿಗ್ನಲ್ ಅಡಗಿಸುತ್ತಾರೆ. ಆಗ ಹೊಸ ಪೆಟ್ಟಿನಿಂದ ಮೂಳೆಯೊಳಗೆ ಸೇರಿದ ನೀರು ಬೆಳ್ಳಗೆ ಎದ್ದು ಕಾಣುತ್ತದೆ. ಚೀಟಿಯಲ್ಲಿ ಬರೀ ‘ಸೊಂಟ ನೋವು’ ಅಂತ ಇದ್ದರೂ, ‘ಏನಾಯ್ತು ಯಜಮಾನ್ರೇ?’ ಅಂತ ಕೇಳಿ, ರೇಡಿಯಾಲಜಿ ಡಾಕ್ಟರಿಗೆ ತಿಳಿಸಿ, ಆ ಸೀಕ್ವೆನ್ಸ್ ಬಿಟ್ಟುಹೋಗದ ಹಾಗೆ ನೋಡಿಕೊಳ್ಳುವವರೇ ಒಳ್ಳೆಯ ಟೆಕ್ನಿಷಿಯನ್.

ಇನ್ನೊಂದು, ಮೂಳೆ ಎಣಿಸುವುದು. ಸೊಂಟದಲ್ಲಿ ಸಾಮಾನ್ಯವಾಗಿ 5 ಮೂಳೆ. ಕೆಲವರಲ್ಲಿ 4 ಇದ್ದ ಹಾಗೆ, ಕೆಲವರಲ್ಲಿ 6 ಇದ್ದ ಹಾಗೆ ಕಾಣುತ್ತದೆ. ಬರೀ ಸೊಂಟದ ಚಿತ್ರ ನೋಡಿ ಎಣಿಸಿದರೆ ಒಂದು ಮೂಳೆ ಆಚೀಚೆ ಆಗಬಹುದು. ಆಪರೇಷನ್ ಮಾಡುವವರಿಗೆ ಇದಕ್ಕಿಂತ ದೊಡ್ಡ ಅಪಾಯ ಇಲ್ಲ. ಅದಕ್ಕೇ ಕುತ್ತಿಗೆಯಿಂದ ಕೆಳಗಿನವರೆಗೆ ಇಡೀ ಬೆನ್ನಿನ ಒಂದು ಬೇಗನೆ ಮುಗಿಯುವ ಚಿತ್ರವನ್ನೂ ತೆಗೆಯಬೇಕು. ಇದನ್ನು ಬಿಡುವುದು ನನಗೆ ಒಪ್ಪಿಗೆಯೇ ಇಲ್ಲ.

ಮೂರನೆಯದು ಅಲುಗಾಟ. ನೋವಿರುವವರನ್ನು ಹಾಗೇ ಚಪ್ಪಟೆ ಮಲಗಿಸಿದರೆ ಐದು ನಿಮಿಷಕ್ಕೇ ಮಿಸುಕಾಡುತ್ತಾರೆ. ಮಂಡಿ ಕೆಳಗೆ ಒಂದು ದಿಂಬು ಕೊಟ್ಟರೆ ಸೊಂಟಕ್ಕೆ ಆರಾಮ, ಬೆನ್ನು ಕಾಯಿಲ್ (ಸಿಗ್ನಲ್ ಹಿಡಿಯುವ ಭಾಗ) ಮೇಲೆ ಸರಿಯಾಗಿ ಕೂರುತ್ತದೆ. ರೋಗಿ ಅಲ್ಲಾಡದಿದ್ದರೂ ಉಸಿರಿಗೆ ಹೊಟ್ಟೆ ಏರಿಳಿಯುತ್ತದೆ, ಕರುಳು ಚಲಿಸುತ್ತದೆ. ಅದರ ನೆರಳು ಬೆನ್ನುಮೂಳೆ ಮೇಲೆ ಬೀಳದಿರಲಿ ಅಂತ ಹೊಟ್ಟೆಯ ಭಾಗದ ಸಿಗ್ನಲ್ ಕೊಲ್ಲುವ ಒಂದು ಪಟ್ಟಿಯನ್ನು ಸ್ಕ್ರೀನ್ ಮೇಲೆ ಎಳೆದು ಕೂರಿಸುತ್ತಾರೆ. ಆ ಪಟ್ಟಿ ಸ್ವಲ್ಪ ಹಿಂದೆ ಸರಿದರೆ ನೋಡಬೇಕಾದ ಮೂಳೆಯೇ ಮಂಕು.

ಕೊನೆಗೆ ಸಮಯ. ಸ್ಲೈಸ್, ಅಂದರೆ ಒಂದೊಂದು ಚಿತ್ರದಲ್ಲಿ ಕಾಣುವ ದೇಹದ ಪದರ, ಅರ್ಧ ತೆಳ್ಳಗೆ ಮಾಡಿದರೆ ಸಿಗ್ನಲ್ ಅರ್ಧ ಆಗುತ್ತದೆ. ಅದನ್ನು ಸರಿದೂಗಿಸಲು ಮತ್ತೆ ಮತ್ತೆ ಅಳೆದು ಸರಾಸರಿ ತೆಗೆಯಬೇಕು. ಎರಡು ಪಟ್ಟು ಸಮಯ ಕೊಟ್ಟರೂ ಸಿಗುವುದು ಸುಮಾರು 1.4 ಪಟ್ಟು ಲಾಭ ಮಾತ್ರ. ಕಳೆದುಕೊಂಡ ಅರ್ಧ ಪೂರ್ತಿ ವಾಪಸ್ ಬೇಕಂದರೆ ನಾಲ್ಕು ಪಟ್ಟು ಸಮಯ ಬೇಕು. ಹೊರಗೆ ಜನ ಸಾಲುಗಟ್ಟಿ ಕೂತಿರುವಾಗ ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಅನ್ನುವುದು ಟೆಕ್ನಿಷಿಯನ್ ತಲೆಯಲ್ಲಿ ಪ್ರತಿ ರೋಗಿಗೂ ನಡೆಯುವ ಲೆಕ್ಕ. ಈ ಸಲ ಹೋಗುವಾಗ ಬಿದ್ದದ್ದು ಯಾವಾಗ, ನೋವು ಎಲ್ಲಿ, ಮೊದಲ ಚಿತ್ರದಲ್ಲಿ ಡಾಕ್ಟರಿಗೆ ಏನು ಕಾಣಲಿಲ್ಲ ಅಂತ ಒಂದು ಚೀಟಿಯಲ್ಲಿ ಬರೆಸಿಕೊಂಡು ಹೋಗಿ. ಹಳೆಯ ಸಿಡಿಯನ್ನೂ ಮರೆಯಬೇಡಿ.

ಪ್ರಶ್ನೆ: 3 ಟೆಸ್ಲಾ ಇರುವಲ್ಲೇ ಮಾಡಿಸಬೇಕು ಅಂತಾರೆ. ನಿಜವಾ?
– ಶಿಕಾರಿಪುರದ ಓದುಗರು

ಉತ್ತರ: ಎಲ್ಲದಕ್ಕೂ ಅಲ್ಲ. ಮಿದುಳಿನ ಸೂಕ್ಷ್ಮ ವಿಷಯಕ್ಕೆ, ಸಣ್ಣ ಕೀಲುಗಳಿಗೆ ಅನುಕೂಲ ಹೌದು. ಆದರೆ ಬೆನ್ನಲ್ಲಿ ರಾಡು, ಸ್ಕ್ರೂ ಇದ್ದರೆ 3 ಟೆಸ್ಲಾದಲ್ಲಿ ಚಿತ್ರ ಜಾಸ್ತಿ ಸೊಟ್ಟಗಾಗುತ್ತದೆ. ದೇಹಕ್ಕೆ ತಗಲುವ ಬಿಸಿಯೂ ಹೆಚ್ಚು. 1.5ಕ್ಕೆ ಒಪ್ಪಿಗೆ ಇರುವ ಕೆಲವು ಇಂಪ್ಲಾಂಟ್‌ಗಳಿಗೆ 3ಕ್ಕೆ ಒಪ್ಪಿಗೆ ಇರುವುದಿಲ್ಲ. ಕೈ ಪಳಗಿದ ಟೆಕ್ನಿಷಿಯನ್ ಇರುವ 1.5 ಮಿಷನ್ನೇ ಎಷ್ಟೋ ಸಲ ಸಾಕು.

ಪ್ರಶ್ನೆ: ಅಮ್ಮನಿಗೆ ತಲೆಯ ಸ್ಕ್ಯಾನ್. ತಾಳಿ, ಕಾಲುಂಗುರ ತೆಗೆಸಿದರು. ಅವರಿಗೆ ಅದೇ ಸಂಕಟ. ಒಳಗೆ ಶಬ್ದಕ್ಕೆ ಹೆದರಿ ಅಲ್ಲಾಡಿದರು, ಅರ್ಧಕ್ಕೇ ನಿಲ್ಲಿಸಬೇಕಾಯಿತು. ಮತ್ತೆ ಕರೆದುಕೊಂಡು ಹೋಗುವುದು ಹೇಗೆ?
– ಹೊಸನಗರದ ಓದುಗರು

ಉತ್ತರ: ಮ್ಯಾಗ್ನೆಟ್ ಚಿನ್ನವನ್ನು ಎಳೆಯುವುದಿಲ್ಲ ನಿಜ. ಆದರೆ ಒಳಗೆ ಲೋಹ ಬಿಸಿಯಾಗಬಹುದು, ಹತ್ತಿರದ ಚಿತ್ರವೂ ಕೆಡುತ್ತದೆ. ತಾಳಿ ಸರಕ್ಕೆ ಸಿಕ್ಕಿಸಿದ ಪಿನ್ನು ಮಾತ್ರ ಉಕ್ಕಿನದ್ದು, ಅದು ಹಾರಿಯೇ ಹೋಗುತ್ತದೆ. ತಾಯತ, ಹೇರ್‌ಪಿನ್ ಕೂಡ ತೆಗೆಯಬೇಕು. ಅಮ್ಮ ತಾಳಿಯನ್ನು ತಾವೇ ಬಿಚ್ಚಿ ನಿಮ್ಮ ಕೈಗೆ ಕೊಡಲಿ. ಬೇಕಾದರೆ ಒಂದು ಅರಿಶಿನ ದಾರ ಕಟ್ಟಿಕೊಂಡು ಒಳಗೆ ಹೋಗಬಹುದು, ಬರೀ ಹತ್ತಿ ದಾರಕ್ಕೆ ತೊಂದರೆ ಇಲ್ಲ. ಟೆಕ್ನಿಷಿಯನ್‌ಗೆ ಮೊದಲೇ ಹೇಳಿಬಿಡಿ.

ಇನ್ನೊಮ್ಮೆ ಹೋದಾಗ ‘ಅಮ್ಮ ಹೆದರುತ್ತಾರೆ, ಒಂದೊಂದು ಸೀಕ್ವೆನ್ಸಿಗೂ ಮೊದಲು ಮೈಕಿನಲ್ಲಿ ಹೇಳಿ’ ಅಂತ ಕೇಳಿಕೊಳ್ಳಿ. ‘ಅಮ್ಮಾ, ಈಗ ಮೂರು ನಿಮಿಷ ಟಕಟಕ ಸದ್ದು ಬರುತ್ತೆ, ಎಂಜಲು ಈಗಲೇ ನುಂಗಿಕೊಳ್ಳಿ’ ಅಂತ ನಮ್ಮ ಮಾತಿನಲ್ಲಿ ಹೇಳಿದರೆ ಮುಕ್ಕಾಲು ಹೆದರಿಕೆ ಅಲ್ಲೇ ಹೋಗುತ್ತದೆ. ಕಿವಿಗೆ ಸರಿಯಾಗಿ ಪ್ಲಗ್ ಇಟ್ಟು, ತಲೆಯ ಎರಡೂ ಬದಿಗೆ ಸ್ಪಂಜು ತುಂಬಿ, ಕರೆಯುವುದಕ್ಕೆ ಕೈಗೆ ಒಂದು ಒತ್ತುವ ಉಂಡೆ ಕೊಡುತ್ತಾರೆ. ಅದನ್ನು ಒತ್ತಿದರೆ ಯಾರಾದರೂ ಬರುತ್ತಾರೆ ಅಂತ ಹೊರಗೇ ಒಮ್ಮೆ ಒತ್ತಿಸಿ ತೋರಿಸಬೇಕು. ಒಳ್ಳೆಯ ಚಿತ್ರಕ್ಕೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಇನ್ನು ಪೇಸ್‌ಮೇಕರ್, ಕಿವಿಯ ಇಂಪ್ಲಾಂಟ್, ಮಿದುಳಿನ ಕ್ಲಿಪ್ ಏನಿದ್ದರೂ ಮುಚ್ಚಿಡಬೇಡಿ. ವೆಲ್ಡಿಂಗ್, ಗ್ರೈಂಡಿಂಗ್ ಕೆಲಸದಲ್ಲಿ ಕಣ್ಣಿಗೆ ಚೂರು ಬಿದ್ದವರು, ಮೈಯಲ್ಲಿ ಈಡಿನ ಚರೆ ಉಳಿದವರು ನಮ್ಮ ಕಡೆ ಇದ್ದಾರೆ. ಅವರೂ ಹೇಳಲೇಬೇಕು.

ಪ್ರಶ್ನೆ: ಮಗಳು ಶಿವಮೊಗ್ಗದಲ್ಲಿ ಬಿಎಸ್ಸಿ ಇಮೇಜಿಂಗ್ ಟೆಕ್ನಾಲಜಿ ಓದುತ್ತಿದ್ದಾಳೆ. ‘ಬಟನ್ ಒತ್ತುವ ಕೆಲಸ’ ಅಂತ ನೆಂಟರು ಹೇಳುತ್ತಾರೆ. ಅವಳಿಗೆ ಸಂಶೋಧನೆ ಆಸೆ. ಡಾಕ್ಟರು ಆಗದೆ ಅದು ಸಾಧ್ಯವಾ?
– ಸಾಗರದ ಓದುಗರು

ಉತ್ತರ: ಖಂಡಿತ ಸಾಧ್ಯ. ಎಂಆರ್‌ಐ ಸಂಶೋಧನೆ ಹಾಳಾಗುವುದೂ ಉಳಿಯುವುದೂ ಬಹಳ ಸಲ ಟೆಕ್ನಿಷಿಯನ್ ಕೈಯಲ್ಲೇ.

ಎಂಆರ್‌ಐ ಮಿಷನ್ ಅಂದರೆ ಒಂದು ರೀತಿ ರೇಡಿಯೊ. 1.5 ಟೆಸ್ಲಾದಲ್ಲಿ ಮೈಯೊಳಗಿನ ಹೈಡ್ರೋಜನ್ ಸಿಗ್ನಲ್ ಬರುವುದು ಸುಮಾರು 64 ಮೆಗಾಹರ್ಟ್ಸ್‌ನಲ್ಲಿ. ಎಫ್‌ಎಂ ಬ್ಯಾಂಡ್ 88ರಿಂದ ಶುರು, ಅಂದರೆ ಜಾಸ್ತಿ ದೂರ ಇಲ್ಲ. ಅದಕ್ಕೇ ಕೋಣೆಗೆ ಸುತ್ತಲೂ ತಾಮ್ರದ ಹೊದಿಕೆ ಹಾಕಿರುತ್ತಾರೆ. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಚಿತ್ರದ ಮೇಲೆ ಜಿಪ್ಪು ಎಳೆದ ಹಾಗೆ ಗೆರೆ. ಇಂಥದ್ದನ್ನು ಮೊದಲು ಗುರುತಿಸುವವರು ಕನ್ಸೋಲ್ ಮುಂದೆ ಕೂತವರು.

ಗುರುತಿಸಲು ಬಳಸುವ ಸಾಧನ ಫ್ಯಾಂಟಮ್, ಅಂದರೆ ದ್ರವ ತುಂಬಿದ ಡಬ್ಬಿ. 1973ರಲ್ಲಿ ಪಾಲ್ ಲಾಟರ್‌ಬರ್ ಪ್ರಕಟಿಸಿದ ಮೊದಲ ಎಂಆರ್ ಚಿತ್ರವೂ ಎರಡು ಸಣ್ಣ ನೀರಿನ ಕೊಳವೆಗಳದ್ದೇ. ಅದೇ ಕೆಲಸ ಮುಂದೆ ಬೆಳೆದು 2003ರಲ್ಲಿ ಅವರಿಗೂ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೂ ನೊಬೆಲ್ ಬಂತು. ಈಗ ಬಹಳ ಕಡೆ ಬಳಸುವ ದೊಡ್ಡ ಫ್ಯಾಂಟಮ್‌ನ ಒಳ ಅಡ್ಡಳತೆ 190 ಮಿಲಿಮೀಟರ್. ಅದನ್ನು ಸ್ಕ್ಯಾನ್ ಮಾಡಿ ಚಿತ್ರದಲ್ಲೂ ಅಷ್ಟೇ ಬರುತ್ತದಾ, ಸಿಗ್ನಲ್ ಕುಗ್ಗಿದೆಯಾ ಅಂತ ಅಳೆಯಬೇಕು. ಮಲೆನಾಡಿನ ಮಳೆಗಾಲದಲ್ಲಿ ಇದರ ಜೊತೆಗೆ ಕೋಣೆಯ ತೇವ, ಕರೆಂಟ್ ಹೋದಾಗ ಮಿಷನ್ ತಂಪಿಡುವ ಚಿಲ್ಲರ್ ನಿಂತಿತಾ, ಮ್ಯಾಗ್ನೆಟ್ ತಂಪಿಡುವ ಹೀಲಿಯಂ ಮಟ್ಟ ಎಷ್ಟು ಅಂತ ಬರೆದಿಡುವುದು ಇನ್ನೂ ಮುಖ್ಯ.

ಸಂಶೋಧನೆಗೆ ಇದು ಯಾಕೆ ಬೇಕು? ಒಂದು ಉದಾಹರಣೆ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಕೆಲವರಲ್ಲಿ ಎರಡನೇ ಹಂತದಲ್ಲಿ ಮಿದುಳಿಗೂ ತಟ್ಟುತ್ತದೆ. ಅಂಥ ರೋಗಿಗಳ ಮಿದುಳಿನ ಚಿತ್ರಗಳನ್ನು ಶಿವಮೊಗ್ಗ, ಮಣಿಪಾಲ ಎರಡೂ ಕಡೆಯಿಂದ ಸೇರಿಸಿ ಅಧ್ಯಯನ ಮಾಡಬೇಕು ಅಂದುಕೊಳ್ಳಿ. ಒಂದು ಕಡೆ ಸ್ಲೈಸ್ 5 ಮಿಲಿಮೀಟರ್, ಇನ್ನೊಂದು ಕಡೆ 3 ಇದ್ದರೆ ಹೋಲಿಸುವುದು ಹೇಗೆ? ನಡುವೆ ಸಾಫ್ಟ್‌ವೇರ್ ಬದಲಾದದ್ದನ್ನು ಯಾರೂ ಬರೆದಿಡದಿದ್ದರೆ, ಮಿಷನ್ ತಂದ ಬದಲಾವಣೆಯನ್ನೇ ಕಾಯಿಲೆ ತಂದದ್ದು ಅಂತ ಬರೆದುಬಿಡಬಹುದು. ತಲೆ ಕಣ್ಣಿಗೆ ಕಾಣದಷ್ಟು ಅಲ್ಲಾಡಿದರೂ ಸಾಕು, ಮಿದುಳಿನ ಹೊರಪದರ ಇರುವುದಕ್ಕಿಂತ ತೆಳ್ಳಗೆ ಅಳತೆಗೆ ಸಿಗುತ್ತದೆ. ನಡುಗುವ ರೋಗಿ, ಅಲ್ಲಾಡದೆ ಮಲಗಿದ ಆರೋಗ್ಯವಂತ, ಇವರಿಬ್ಬರನ್ನು ಹೋಲಿಸುವಾಗ ಈ ತಪ್ಪು ಎಷ್ಟು ದೊಡ್ಡದಾಗುತ್ತದೆ ಅಲ್ವಾ? ತಲೆಗೆ ಸ್ಪಂಜು ಕೊಟ್ಟವರಿಗೆ, ‘ಎರಡನೇ ಸೀಕ್ವೆನ್ಸಿನಲ್ಲಿ ಅಲ್ಲಾಡಿದರು’ ಅಂತ ಬರೆದಿಟ್ಟವರಿಗೆ ಸಂಶೋಧನಾ ಲೇಖನದಲ್ಲಿ ಹೆಸರು ಸಿಗಬೇಕು ಅಂತ ನಾನು ವಾದಿಸುತ್ತೇನೆ.

ಮಗಳಿಗೆ ಹೇಳಿ: ಮೊದಲು ತನ್ನ ವಿಭಾಗದಲ್ಲಿ ಫ್ಯಾಂಟಮ್ ಅಳತೆಗಳನ್ನು ಬರೆದಿಡುವ ಪುಸ್ತಕ ಕೇಳಿ ತೆಗೆದುಕೊಳ್ಳಲಿ. ಆ ಅಂಕಿಗಳನ್ನು ಎಕ್ಸೆಲ್‌ಗೆ ಹಾಕಿ ಗ್ರಾಫ್ ಎಳೆಯಲಿ. ಮಳೆಗಾಲದಲ್ಲಿ ಬದಲಾಗುತ್ತದಾ, ಸರ್ವಿಸ್ ಆದ ಮೇಲೆ ಏರುತ್ತದಾ ಅಂತ ನೋಡಲಿ. ಆಮೇಲೆ ಎಷ್ಟು ಸೀಕ್ವೆನ್ಸ್ ಮತ್ತೆ ತೆಗೆಯಬೇಕಾಯಿತು, ಯಾವ ಕಾರಣಕ್ಕೆ ಅಂತ ಪಟ್ಟಿ ಮಾಡಲಿ. ರೋಗಿಗಳ ಹೆಸರು ಬರೆಯಬಾರದು. ಗೈಡ್ ಮೂಲಕ ಎಥಿಕ್ಸ್ ಕಮಿಟಿಯ ಒಪ್ಪಿಗೆ ಮೊದಲೇ ಪಡೆಯಬೇಕು. ಕೊನೆ ವರ್ಷದ ಪ್ರಾಜೆಕ್ಟಿಗೆ ಇಷ್ಟೇ ಸಾಕು.